ಐಸ್‌ಲ್ಯಾಂಡ್ ಅಂದ್ರೆ ಬರೀ ಹಸಿರು ಬೆಳಕಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಐಸ್‌ಲ್ಯಾಂಡ್ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ಅದ್ರಲ್ಲಿದ್ದ ಅರೋರಾ (ರಾತ್ರಿ ಆಕಾಶದಲ್ಲಿ ಕಾಣೋ ಹಸಿರು ಬೆಳಕು) ಫೋಟೋ ನೋಡ್ಕೊಂಡೇ ಜನ ಡಿಸೆಂಬರ್‌ಗೆ ಟಿಕೆಟ್ ಮಾಡ್ಬಿಡ್ತಾರೆ ಅಂತ ಇದನ್ನ ಬರೀತಿದೀನಿ. ನಾನೂ ಹಂಗೇ ಒಬ್ನೇ ಹೋದವ್ನು. ರಾಜಧಾನಿ ರೇಕ್ಯಾವಿಕ್‌ನಲ್ಲಿ ಆಗ ಸೂರ್ಯ ಹುಟ್ಟೋದೇ ಬೆಳಿಗ್ಗೆ 11 ದಾಟಿದ ಮೇಲೆ, ಮೂರೂವರೆಗೆಲ್ಲ ಮುಳುಗೋಯ್ತು, ಆ ನಾಲ್ಕು ಗಂಟೇಲಿ ಏನಂತ ನೋಡ್ತೀರಿ? ಚಳಿನಾದ್ರೂ ತಡ್ಕೋಬಹುದು, ಗಾಳಿ ತಡ್ಯಕ್ಕಾಗಲ್ಲ. ಕಾರಿನ ಡೋರ್ ಎರಡೂ ಕೈಲಿ ಹಿಡ್ಕೊಂಡು ತೆಗೀಬೇಕು, ಇಲ್ಲಾಂದ್ರೆ ಕೀಲೇ ಮುರಿಯತ್ತೆ, ಬಾಡಿಗೆ ಕಾರಿನ ಇನ್ಶೂರೆನ್ಸಲ್ಲಿ ಸಾಮಾನ್ಯವಾಗಿ ಅದಕ್ಕೆ ದುಡ್ಡು ಬರಲ್ಲ (ನಂಗೆ ಬರ್ಲಿಲ್ಲ!). ರೇನಿಸ್‌ಫ್ಯಾರಾ ಕಪ್ಪು ಮರಳಿನ ಬೀಚಲ್ಲಿ ಸೆಲ್ಫಿಗೆ ಅಂತ ಸಮುದ್ರಕ್ಕೆ ಬೆನ್ನು ಹಾಕ್ಬೇಡಿ, ಅಲೆ ಎಳ್ಕೊಂಡು ಹೋಗಿ ಪ್ರವಾಸಿಗರು ಸತ್ತಿದಾರೆ.

ಆ ಬೆಳಕು ನಂಗೆ ಆರು ರಾತ್ರೀಲಿ ಕಂಡಿದ್ದು ಒಂದೇ ಸಲ, ಕಣ್ಣಿಗೆ ಬೂದಿ ಬಣ್ಣದ ಹೊಗೆ ತರ, ಮೊಬೈಲಲ್ಲಿ ಮಾತ್ರ ಹಸಿರು. ಅದಕ್ಕಿಂತ ಊರಿನ ಮಾಮೂಲಿ ಈಜುಕೊಳಾನೇ ಇಷ್ಟ ಆಯ್ತು, ತಲೆ ಮೇಲೆ ಹಿಮ ಬೀಳ್ತಿದೆ, ಕತ್ತಿನವರೆಗೆ ಬಿಸಿನೀರು, ಪಕ್ಕದಲ್ಲಿ ಅಜ್ಜಂದಿರು ಹರಟೆ ಹೊಡೀತಿದಾರೆ. ನಲ್ಲಿ ಬಿಸಿನೀರು ಕೊಳೆತ ಮೊಟ್ಟೆ ವಾಸನೆ ಬರತ್ತೆ, ಗಾಬರಿ ಬೇಡ, ಗಂಧಕ ಅದು.

ಮುಂದಿನ ಸಲ ಲೇಖನದ ಕೆಳಗೆ ಅಲ್ಲಿನ ತುರ್ತು ನಂಬರ್ 112 ಅಂತಾನಾದ್ರೂ ಹಾಕಿ.

— ಒಬ್ಬ ಓದುಗ, ಮೈಸೂರು