ಗಾಜಿಗೆ ಬಡಿಯುವ ಹಕ್ಕಿಗಳು: ಕಟ್ಟಡ ನಿಯಮದಲ್ಲೇ ಪರಿಹಾರವಿರಲಿ

ಮಾನ್ಯ ಸಂಪಾದಕರೇ,

ಕಿಟಕಿಯ ಗಾಜಿಗೆ ಬಡಿದು ಬಿದ್ದ ಹಕ್ಕಿಯನ್ನು ಕಂಡವರು ಅದನ್ನೊಂದು ಆಕಸ್ಮಿಕವೆಂದುಕೊಂಡು ಮರೆತುಬಿಡುತ್ತಾರೆ. ಆದರೆ ಅಮೆರಿಕವೊಂದರಲ್ಲೇ ಹೀಗೆ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತಿರಬಹುದೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಗಗನಚುಂಬಿಗಳೇ ಇದಕ್ಕೆ ಹೊಣೆಯೆಂದು ನಾನೂ ನಂಬಿದ್ದೆ. ಒಂದೊಂದು ಕಟ್ಟಡವನ್ನೇ ನೋಡಿದರೆ ಅವು ಹೆಚ್ಚು ಅಪಾಯಕಾರಿ ನಿಜ, ಆದರೆ ಅದೇ ಅಧ್ಯಯನದ ಪ್ರಕಾರ ಒಟ್ಟು ಸಾವುಗಳಲ್ಲಿ ಅವುಗಳ ಪಾಲು ಶೇ 1ಕ್ಕಿಂತಲೂ ಕಡಿಮೆ. ಉಳಿದವೆಲ್ಲ ಸಂಭವಿಸುವುದು ಸಾಮಾನ್ಯ ಮನೆಗಳಲ್ಲಿ ಮತ್ತು ಕಡಿಮೆ ಎತ್ತರದ ಕಟ್ಟಡಗಳಲ್ಲಿ.

ಹಗಲಿನಲ್ಲಿ ಗಾಜು ಎದುರಿನ ಮರವನ್ನೂ ಆಕಾಶವನ್ನೂ ಪ್ರತಿಬಿಂಬಿಸುತ್ತದೆ. ಹಕ್ಕಿಗೆ ಅದು ಹಾರಿಹೋಗಬಹುದಾದ ಬಯಲಾಗಿಯೇ ಕಾಣುತ್ತದೆ. ರಾತ್ರಿ ವಲಸೆ ಹೋಗುವ ಹಕ್ಕಿಗಳು ನಗರದ ಬೆಳಕಿಗೆ ಆಕರ್ಷಿತವಾಗಿ ಕೆಳಗಿಳಿದು, ಅದೇ ಗಾಜುಗಳ ನಡುವೆ ಸಿಲುಕುತ್ತವೆ.

ಇದಕ್ಕೆ ಹಲವರು ಮಾಡುವ ಉಪಾಯ ಗಿಡುಗನ ಆಕಾರದ ಒಂದು ಸ್ಟಿಕ್ಕರ್ ಅಂಟಿಸುವುದು. ಹಕ್ಕಿ ಅದನ್ನು ಗಿಡುಗವೆಂದು ಹೆದರುವುದಿಲ್ಲ, ಬರೀ ಒಂದು ಅಡ್ಡಿಯೆಂದು ಬಗೆದು ಪಕ್ಕದ ಖಾಲಿ ಗಾಜಿನತ್ತ ತಿರುಗಿ ಅಲ್ಲಿ ಬಡಿಯುತ್ತದೆ. ಬೇಕಾಗಿರುವುದು ಗಾಜಿನ ತುಂಬ ಹರಡಿದ, ಸುಮಾರು 5 ಸೆಂ.ಮೀ. ಅಂತರದ ಚುಕ್ಕೆಗಳು ಅಥವಾ ಗೆರೆಗಳು, ಅದೂ ಹೊರಮೈಯಲ್ಲಿ; ಒಳಗಿನಿಂದ ಅಂಟಿಸಿದರೆ ಪ್ರತಿಬಿಂಬದ ಹಿಂದೆ ಅವು ಮರೆಯಾಗುತ್ತವೆ.

ಇದು ಬರೀ ಊಹೆಯಲ್ಲ. ಶಿಕಾಗೊದ ಮೆಕಾರ್ಮಿಕ್ ಪ್ಲೇಸ್ ಸಮಾವೇಶ ಕೇಂದ್ರದ ಒಂದೇ ಕಟ್ಟಡದ ಬಳಿ 2023ರ ಅಕ್ಟೋಬರ್ 5ರಂದು ಸುಮಾರು ಸಾವಿರ ಹಕ್ಕಿಗಳು ಸತ್ತು ಬಿದ್ದಿದ್ದವು. ಮರುವರ್ಷ ಅಲ್ಲಿನ ಗಾಜಿಗೆ ಚುಕ್ಕೆಗಳ ಫಿಲ್ಮ್ ಅಂಟಿಸಿದ ಮೇಲೆ ಸಾವುಗಳು ಶೇ 95ರಷ್ಟು ತಗ್ಗಿದವು. ನ್ಯೂಯಾರ್ಕ್ ನಗರವಂತೂ 2021ರಿಂದ, ಹೊಸ ಕಟ್ಟಡಗಳ ಮೊದಲ 75 ಅಡಿ ಎತ್ತರದವರೆಗಿನ ಗಾಜಿನ ಬಹುಭಾಗ ಹಕ್ಕಿಗಳಿಗೆ ಕಾಣುವಂಥದ್ದೇ ಆಗಿರಬೇಕೆಂದು ಕಾನೂನಿನಲ್ಲೇ ವಿಧಿಸಿದೆ.

ನಕ್ಷೆಗೆ ಅನುಮೋದನೆ ನೀಡುವ ನಗರಾಡಳಿತಗಳು ಎಲ್ಲೆಡೆ ಇಂಥ ಷರತ್ತನ್ನು ಸೇರಿಸಬೇಕು. ಕಟ್ಟಿದ ಮೇಲೆ ಸರಿಪಡಿಸುವುದಕ್ಕಿಂತ ವಿನ್ಯಾಸದ ಹಂತದಲ್ಲೇ ಅಳವಡಿಸುವುದು ಸುಲಭ. ವಲಸೆಯ ತಿಂಗಳುಗಳಲ್ಲಿ ರಾತ್ರಿ ಖಾಲಿ ಕಚೇರಿಗಳ ದೀಪ ಆರಿಸಬೇಕೆಂದೂ ಕಟ್ಟಡಗಳ ಮಾಲೀಕರಿಗೆ ಸೂಚಿಸಬಹುದು. ಮನೆಯವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಗಾಜಿನ ಹೊರಮೈಗೆ ಸಾಬೂನಿನ ತುಂಡಿನಿಂದ ಒತ್ತೊತ್ತಾಗಿ ಎಳೆದ ಗೆರೆಗಳೂ ಕೆಲಸ ಮಾಡುತ್ತವೆ. ಮಳೆಗೆ ತೊಳೆದುಹೋದರೆ ಮತ್ತೆ ಎಳೆದರಾಯಿತು.

ಇತಿ,
ಓರ್ವ ಓದುಗ