ಈ ಸಲ ಎರಡೇ ಗುರಿ ಸಾಕು

ಎಲ್ಲರಿಗೂ ನಮಸ್ಕಾರ. ಗ್ರೂಪಿನಲ್ಲಿ ಹೊಸ ವರ್ಷದ ಪಟ್ಟಿಗಳು ಶುರುವಾಗಿವೆ. ಒಬ್ಬರಂತೂ 11 ಗುರಿ ಹಾಕಿದ್ದಾರೆ, ಓದೋಕೇ ಸುಸ್ತಾಯ್ತು! ಈ ಸಲ ಒಬ್ಬೊಬ್ಬರು ಎರಡೇ ಬರೆಯಿರಿ. ಸುಮ್ನೆ "ಆರೋಗ್ಯ ನೋಡ್ಕೋಬೇಕು" ಅಂದ್ರೆ ಆಗಲ್ಲ. "ಸೋಮವಾರ, ಗುರುವಾರ ಬೆಳಿಗ್ಗೆ 6ಕ್ಕೆ ಅಪ್ಪನ ಕೆರೆ ಹತ್ತಿರ ವಾಕಿಂಗ್, ಬಿಸಿಲು ಜಾಸ್ತಿಯಾದ ಮೇಲೆ 5.30ಕ್ಕೆ" ಅಂತ ದಿನ, ಹೊತ್ತು, ಜಾಗ ಸಮೇತ ಇರಲಿ, ಯಾಕಂದ್ರೆ ನಮ್ಮ ಕಲಬುರಗಿ ಬಿಸಿಲಿಗೆ ಜನವರಿಯ ಹುಮ್ಮಸ್ಸು ಏಪ್ರಿಲ್‌ವರೆಗೂ ಬಾಳಲ್ಲ, ಅಲ್ವಾ? ಇಂಗ್ಲಿಷ್ ಕಲಿಯೋದು, ಗಿಟಾರು, ಎಲ್ಲಾ ಮಳೆಗಾಲಕ್ಕೆ ನೋಡೋಣ. ಡಯಟ್ ಅಂತ ಬರೆಯೋರು ಎಳ್ಳಮಾವಾಸ್ಯೆಯ ಭಜ್ಜಿ, ಸಜ್ಜೆ ರೊಟ್ಟಿ ಬಿಡಬೇಕಿಲ್ಲ, ಅದು ಲೆಕ್ಕಕ್ಕಿಲ್ಲ. ಭಾನುವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಮೂರನೆಯದು ಕಂಡರೆ ಅಡ್ಮಿನ್ ಆಗಿ ನಾನೇ ಡಿಲೀಟ್ ಮಾಡ್ತೀನಿ.