ಭಾನುವಾರದ ಚರ್ಚೆ: 18 ವರ್ಷದವರೆಗೂ ಗಣಿತ ಕಡ್ಡಾಯ ಬೇಕಾ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಗುಂಪಿನ ವಿಡಿಯೋ ಕಾಲ್‌ನಲ್ಲಿ ಈ ವಿಷಯ ಮಾತಾಡೋಣ.

2023ರಲ್ಲಿ ಬ್ರಿಟನ್ ಪ್ರಧಾನಿಯಾಗಿದ್ದ ರಿಷಿ ಸುನಕ್, ಇಂಗ್ಲೆಂಡಿನ ಮಕ್ಕಳು 18ರವರೆಗೂ ಗಣಿತ ಕಲಿಯಬೇಕು ಎಂದಿದ್ದರು. ಸರಿ, ಆದರೆ ಯಾವ ಗಣಿತ? ಸಾಲದ ಬಡ್ಡಿ, ಶೇಕಡಾ ಲೆಕ್ಕ, ಅಂಕಿಅಂಶ ಓದುವುದು ಎಲ್ಲರಿಗೂ ಬೇಕು. ಚಿತ್ರಕಲೆ ಆರಿಸಿಕೊಂಡವರಿಗೂ ಕ್ಯಾಲ್ಕುಲಸ್ ಬೇಕಾ? ನನಗಂತೂ ಅನುಮಾನ.

ಪಾಠ ಮಾಡುವವರು, ಹದಿಹರೆಯದ ಮಕ್ಕಳಿರುವವರು ತಪ್ಪದೆ ಬನ್ನಿ. ಮಕ್ಕಳನ್ನೂ ಕೂರಿಸಿಕೊಳ್ಳಿ, ಓದಬೇಕಾದವರು ಅವರೇ ಅಲ್ವಾ!

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಜೊತೆಗೆ ‘ಬೇಕು’ ಅಥವಾ ‘ಬೇಡ’, ಒಂದು ಸಾಲಿನ ಕಾರಣ. ಉದ್ದುದ್ದ ವಾಯ್ಸ್ ಮೆಸೇಜ್ ಮಾತ್ರ ದಯವಿಟ್ಟು ಬೇಡ.